ಉಪ್ಪು-ಸಕ್ಕರೆ ನೀರಿನ ಗುಟ್ಟು



ಭೇದಿಯಾದ ಮಗುವಿಗೆ ಓ.ಆರ್.ಎಸ್. ಕೊಡಿ ಎಂದು ಸಂಘದ ಸಭೆಗಳಲ್ಲಿ ನಾವು ಹೇಳುತ್ತಲೇ ಇರುತ್ತೇವೆ. "ಸಿಸ್ಟರ್, ಬರೀ ನೀರು ಕೊಟ್ಟರೆ ಸಾಲದಾ? ಭೇದಿಗೆ ಸಕ್ಕರೆ ಯಾಕೆ?" ಎಂದು ಕೆಲವರು ಕೇಳುತ್ತಾರೆ. ಒಳ್ಳೆಯ ಪ್ರಶ್ನೆ. ಉತ್ತರ ನಮ್ಮ ಕರುಳಿನ ಜೀವಕೋಶಗಳಲ್ಲಿದೆ.

ಕೋಶಕ್ಕೊಂದು ಪೊರೆ

ನಮ್ಮ ದೇಹ ಕಣ್ಣಿಗೆ ಕಾಣದಷ್ಟು ಸಣ್ಣ ಜೀವಕೋಶಗಳಿಂದ ಆಗಿದೆ. ಪ್ರತಿ ಕೋಶದ ಸುತ್ತ ತೆಳುವಾದ ಪೊರೆ ಇದೆ. ಅದು ಎರಡು ಪದರದ ಕೊಬ್ಬು. ನಡುನಡುವೆ ಪ್ರೋಟೀನಿನ ಬಾಗಿಲುಗಳು. ನಾವು ಉಸಿರಾಡುವ ಆಮ್ಲಜನಕ ಕೊಬ್ಬಿನ ಮೂಲಕವೇ ನುಸುಳುತ್ತದೆ. ಉಪ್ಪು, ಸಕ್ಕರೆ ಹಾಗಲ್ಲ. ಎಣ್ಣೆಯಲ್ಲಿ ಉಪ್ಪು ಕರಗುತ್ತದಾ? ಇಲ್ಲ ಅಲ್ವಾ? ಅವಕ್ಕೆ ಬಾಗಿಲೇ ಬೇಕು.

ನೀರು ಮಾತ್ರ ಉಪ್ಪು-ಸಕ್ಕರೆ ಎಲ್ಲಿ ಹೆಚ್ಚೋ ಆ ಕಡೆಗೆ ಪೊರೆ ದಾಟಿ ಹೋಗುತ್ತದೆ. ಮಾವಿನ ಹೋಳಿಗೆ ಉಪ್ಪು ಬೆರೆಸಿಟ್ಟರೆ ಮರುದಿನ ನೀರು ಬಿಟ್ಟಿರುತ್ತದಲ್ಲ, ಅದೇ ಇದು. ಮಕ್ಕಳ ಪಾಠದಲ್ಲಿ ಇದಕ್ಕೆ ಅಭಿಸರಣೆ ಎನ್ನುತ್ತಾರೆ.

ಜೊತೆಯಾಗಿ ಬಂದರೆ ಪ್ರವೇಶ

ಕರುಳಿನ ಕೋಶಗಳಲ್ಲಿ ಒಂದು ವಿಶೇಷ ಬಾಗಿಲಿದೆ. ಉಪ್ಪಿನಲ್ಲಿರುವ ಸೋಡಿಯಂ, ಸಕ್ಕರೆಯಿಂದ ಸಿಗುವ ಗ್ಲೂಕೋಸ್ ಎರಡೂ ಜೊತೆಯಾಗಿ ಬಂದರೆ ಅದು ಒಳಗೆ ಬಿಡುತ್ತದೆ. ಅವುಗಳ ಹಿಂದೆ ನೀರೂ ದೇಹ ಸೇರುತ್ತದೆ. ಕಾಲರಾದಲ್ಲಿ ಕರುಳು ನೀರು ಸುರಿಸುತ್ತಿದ್ದರೂ ಈ ಬಾಗಿಲು ಕೆಲಸ ನಿಲ್ಲಿಸುವುದಿಲ್ಲ.

1971ರಲ್ಲಿ ಬಾಂಗ್ಲಾದೇಶದ ಯುದ್ಧದ ನಿರಾಶ್ರಿತರು ಪಶ್ಚಿಮ ಬಂಗಾಳದ ಬನಗಾಂವ್ ಶಿಬಿರದಲ್ಲಿದ್ದಾಗ ಕಾಲರಾ ಹಬ್ಬಿತು. ಡ್ರಿಪ್ ಹಾಕಲು ಸಲೈನ್ ಸಾಲಲಿಲ್ಲ. ಡಾ. ದಿಲೀಪ್ ಮಹಲನಬಿಸ್ ಅವರ ತಂಡ ಗ್ಲೂಕೋಸ್-ಉಪ್ಪಿನ ನೀರನ್ನು ಡ್ರಮ್‌ಗಳಲ್ಲಿ ತುಂಬಿ ಕುಡಿಸಿತು. ಕುಡಿಸಿದವರಲ್ಲಿ ರೋಗಿಗಳ ಮನೆಯವರೂ ಇದ್ದರು. ಶೇಕಡಾ 30ರಷ್ಟಿದ್ದ ಸಾವು ಶೇಕಡಾ 4ಕ್ಕಿಂತ ಕೆಳಗಿಳಿಯಿತು.

ಅಳತೆ ತಪ್ಪಬಾರದು

ಸಕ್ಕರೆ ಹೆಚ್ಚಾದರೆ ದೇಹದ ನೀರೇ ಕರುಳಿಗೆ ಇಳಿದು ಭೇದಿ ಜಾಸ್ತಿಯಾಗುತ್ತದೆ. ಉಪ್ಪು ಹೆಚ್ಚಾದರೆ ಮಗುವಿಗೆ ಅಪಾಯ. ಆದ್ದರಿಂದಲೇ ಅಂಗಡಿಯ ಸಿಹಿ ಪಾನೀಯ ಇದಕ್ಕೆ ಬದಲಿ ಅಲ್ಲ.

• ಓ.ಆರ್.ಎಸ್. ಪ್ಯಾಕೆಟ್ಟೇ ಉತ್ತಮ. ಅದರ ಮೇಲೆ ಬರೆದಷ್ಟೇ ಕುದಿಸಿ ಆರಿಸಿದ ನೀರಿಗೆ ಪೂರ್ತಿ ಪುಡಿ ಹಾಕಿ. 24 ಗಂಟೆಯೊಳಗೆ ಬಳಸಿ, ಉಳಿದದ್ದು ಚೆಲ್ಲಿ.
• ಪ್ಯಾಕೆಟ್ ಸಿಗುವವರೆಗೆ: 1 ಲೀಟರ್ ನೀರಿಗೆ ಸಮತಟ್ಟಾಗಿ 6 ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು. ಕಣ್ಣೀರಿಗಿಂತ ಉಪ್ಪಾಗಿರಬಾರದು.
• ಪ್ರತಿ ಸಲ ಭೇದಿಯಾದಾಗ 2 ವರ್ಷದೊಳಗಿನ ಮಗುವಿಗೆ 50ರಿಂದ 100 ಮಿ.ಲೀ., ದೊಡ್ಡ ಮಗುವಿಗೆ 100ರಿಂದ 200 ಮಿ.ಲೀ. ಸ್ವಲ್ಪಸ್ವಲ್ಪವೇ ಕುಡಿಸಿ. ವಾಂತಿಯಾದರೆ 10 ನಿಮಿಷ ಬಿಟ್ಟು ಮತ್ತೆ ಕೊಡಿ.
• ಎದೆಹಾಲು, ಊಟ ನಿಲ್ಲಿಸಬೇಡಿ. ಜಿಂಕ್ ಮಾತ್ರೆಯ ಬಗ್ಗೆ ಆಶಾ ಕಾರ್ಯಕರ್ತೆಯನ್ನು ಕೇಳಿ.
• ಮಲದಲ್ಲಿ ರಕ್ತ, ಗುಳಿಬಿದ್ದ ಕಣ್ಣು, ಮಂಕು, ಮೂತ್ರ ನಿಂತುಹೋಗುವುದು, ಕುಡಿಯಲು ಆಗದಿರುವುದು ಕಂಡರೆ ತಡಮಾಡದೆ ಆಸ್ಪತ್ರೆಗೆ ಹೋಗಿ.

ಮುಂದಿನ ಸಭೆಯಲ್ಲಿ ಒಂದು ಲೀಟರ್ ಪಾತ್ರೆ, ಒಂದು ಟೀ ಚಮಚ ಇಟ್ಟುಕೊಂಡು ಎಲ್ಲರೂ ಮಾಡಿ ನೋಡೋಣ. ಸಭೆಗೆ ಬಾರದ ನೆರೆಮನೆಯ ತಾಯಿಗೂ ಕಲಿಸೋಣ.