ಹುಲ್ಲಿನ ಮಾಡಿನಿಂದ ಎದ್ದ ಅತ್ತೂರು

ಜನವರಿ ಬಂತೆಂದರೆ ಡೊಂಬಿವಲಿ, ಕಲ್ಯಾಣ್, ಥಾಣೆಯಲ್ಲಿ ನೆಲೆಸಿದ ಕಾರ್ಕಳ ಕಡೆಯವರ ಮನೆಗಳಲ್ಲಿ ಒಂದು ಮಾತು ಬಂದೇ ಬರುತ್ತದೆ: ‘ಈ ಸಲ ಸಾಂತ್‌ಮಾರಿಗೆ ಊರಿಗೆ ಹೋಗುವುದಾ?’ ಸಾಂತ್‌ಮಾರಿ ಎಂದರೆ ಕಾರ್ಕಳದ ಬಳಿಯ ಅತ್ತೂರಿನ ಸಂತ ಲಾರೆನ್ಸರ ಜಾತ್ರೆ. ಅಲ್ಲಿ ಮೊಂಬತ್ತಿ ಹಿಡಿದು ಹರಕೆ ತೀರಿಸಲು ಬರುವವರಲ್ಲಿ ಎಲ್ಲ ಜಾತಿ, ಧರ್ಮದವರೂ ಇರುತ್ತಾರೆ. ಆ ಬೆಳಕಿನ ಹಿಂದೆ ಒಂದು ಯುದ್ಧವಿದೆ, 15 ವರ್ಷಗಳ ಸೆರೆವಾಸವಿದೆ.

ಕಾರ್ಕಳ ಸೀಮೆಯ ಕ್ಯಾಥೊಲಿಕರು ಅತ್ತೂರಿನಲ್ಲಿ ಮೊದಲ ಇಗರ್ಜಿ ಕಟ್ಟಿದ್ದು 1759ರಲ್ಲಿ. ಅದು ಬಾಳಿದ್ದು ಕಾಲು ಶತಮಾನ ಮಾತ್ರ. ಎರಡನೇ ಆಂಗ್ಲೋ–ಮೈಸೂರು ಯುದ್ಧದಲ್ಲಿ ಇಂಗ್ಲಿಷರ ಪಾಲಾಗಿದ್ದ ಮಂಗಳೂರನ್ನು ಟಿಪ್ಪು ಸುಲ್ತಾನ್ ಮರಳಿ ಪಡೆದ. ಕರಾವಳಿಯ ಕ್ರೈಸ್ತರು ಶತ್ರುವಿಗೆ ನೆರವಾದರೆಂಬುದು ಅವನ ಆರೋಪವಾಗಿತ್ತು. 1784ರ ವಿಭೂತಿ ಬುಧವಾರದ ಆಸುಪಾಸಿನಲ್ಲಿ ಸಾವಿರಾರು ಜನರನ್ನು ಸೆರೆಹಿಡಿದು ಘಟ್ಟ ಹತ್ತಿಸಿ ಶ್ರೀರಂಗಪಟ್ಟಣಕ್ಕೆ ನಡೆಸಲಾಯಿತು. ದಾರಿಯಲ್ಲೇ ಅನೇಕರು ಸತ್ತರು. ಇತ್ತ ಇಗರ್ಜಿಗಳು ನೆಲಸಮವಾದವು, ಅತ್ತೂರಿನದೂ ಉಳಿಯಲಿಲ್ಲ.

1799ರ ಮೇ 4ರಂದು ಶ್ರೀರಂಗಪಟ್ಟಣ ಬಿತ್ತು. ಬದುಕುಳಿದವರಲ್ಲಿ ಹಲವರು ಘಟ್ಟ ಇಳಿದು ಬಂದರು. ಎರಡೇ ವರ್ಷಗಳಲ್ಲಿ, 1801ರಲ್ಲಿ, ಅತ್ತೂರಿನವರು ಮತ್ತೆ ಇಗರ್ಜಿ ಕಟ್ಟಿದರು. ಅದಕ್ಕೆ ಹುಲ್ಲಿನ ಮಾಡು. ಬಾಸೆಲ್ ಮಿಷನ್ನಿನ ಮಂಗಳೂರು ಹೆಂಚು ಬರಲು ಇನ್ನೂ 60ಕ್ಕೂ ಹೆಚ್ಚು ವರ್ಷ ಬಾಕಿಯಿತ್ತು.

ಈ ಕಥೆಯಲ್ಲಿ ನನ್ನ ಮನಸ್ಸು ನಿಲ್ಲುವುದು ಆ ಹುಲ್ಲಿನ ಮಾಡಿನ ಕೆಳಗೇ. ‘ಕೈಗೂಡಿದ ಮೇಲೆ ನೋಡೋಣ’ ಎಂದು ಅವರು ದೇವರ ಋಣವನ್ನು ಮುಂದಕ್ಕೆ ಹಾಕಲಿಲ್ಲ. ಇದ್ದುದರಲ್ಲೇ ತೀರಿಸತೊಡಗಿದರು.

ಮುಂದಿನದು ಊರವರು ಭಕ್ತಿಯಿಂದ ಹೇಳುವ ಕಥೆ. 1839ರಲ್ಲಿ ಹೊಸ ಇಗರ್ಜಿಗೆ ಜಾಗ ಹುಡುಕುತ್ತ ಪಾದ್ರಿಗಳೂ ಭಕ್ತರೂ ಸಂತ ಲಾರೆನ್ಸರ ಪುಟ್ಟ ಮರದ ಪ್ರತಿಮೆ ಹೊತ್ತು ನಡೆಯುತ್ತಿದ್ದರು. ಗುಡ್ಡದ ಮಗ್ಗುಲಲ್ಲಿ ಒರತೆ ಕಂಡು, ಪ್ರತಿಮೆಯನ್ನು ನೆಲಕ್ಕಿಳಿಸಿ ದಣಿವಾರಿಸಿಕೊಂಡರು. ಹೊರಡುವಾಗ ಎತ್ತಿದರೆ ಪ್ರತಿಮೆ ಕದಲಲಿಲ್ಲ. ‘ಇಲ್ಲೇ ಇಗರ್ಜಿ ಕಟ್ಟುತ್ತೇವೆ’ ಎಂದು ಮಾತು ಕೊಟ್ಟ ಮೇಲೆ ಹಗುರವಾಗಿ ಕೈಗೆ ಬಂತು. ಒರತೆಯ ಜಾಗದಲ್ಲಿ ಇಂದು ಪವಾಡದ ಕೆರೆಯಿದೆ.

ಲಾರೆನ್ಸ್ ಕ್ರಿ.ಶ. 258ರಲ್ಲಿ ರೋಮ್‌ನಲ್ಲಿ ಹುತಾತ್ಮನಾದವನು. ಕ್ರೈಸ್ತ ಸಭೆಯ ಸಂಪತ್ತನ್ನೆಲ್ಲ ಒಪ್ಪಿಸು ಎಂದು ಆಳುವವರು ಕೇಳಿದಾಗ ಬಡವರನ್ನು ಕರೆತಂದು ‘ಇವರೇ ನಮ್ಮ ಸಂಪತ್ತು’ ಎಂದನೆಂಬ ಪ್ರತೀತಿಯಿದೆ. ಎಲ್ಲವನ್ನೂ ಕಳೆದುಕೊಂಡು ಮರಳಿದ ಜನಕ್ಕೆ ಅಂಥ ಸಂತ ಹತ್ತಿರದವನೆನಿಸಿದ್ದು ಸಹಜವೇ.

2016ರಲ್ಲಿ ಅತ್ತೂರಿನ ಇಗರ್ಜಿಗೆ ಕಿರಿಯ ಬಸಿಲಿಕದ ಗೌರವ ದೊರೆಯಿತು. ಆದರೂ ಕೆರೆಯ ಬಳಿ ನಿಂತರೆ ಕಾಣುವ ದೃಶ್ಯ ಸರಳ: ಯಾರೋ ಬೊಗಸೆಯಲ್ಲಿ ನೀರೆತ್ತಿ ಮಗುವಿನ ಹಣೆಗೆ ಹಚ್ಚುತ್ತಾರೆ, ಒಂದಿಷ್ಟನ್ನು ಬಾಟಲಿಗೆ ತುಂಬಿ ಚೀಲದೊಳಗಿಡುತ್ತಾರೆ. ಆ ನೀರು ಡೊಂಬಿವಲಿಯವರೆಗೂ ಬರುತ್ತದೆ. ಜೊತೆಯಲ್ಲೇ ಬರಬೇಕಾದದ್ದು 1801ರ ಆ ಹುಲ್ಲಿನ ಮಾಡಿನ ನೆನಪು.