ಔಷಧಿ ಡಬ್ಬದಿಂದ ಆಮ್ಲದ ಬಾಟಲಿಯವರೆಗೆ

ಶಾಲಾ ಪ್ರಯೋಗಾಲಯದ ಬಾಟಲಿಯ ಮೇಲೆ ಅಕ್ಷರವೂ ಇರುತ್ತದೆ, ಚಿತ್ರವೂ ಇರುತ್ತದೆ. ಒಳಗೇನಿದೆ ಎಂಬುದನ್ನು ಅಕ್ಷರ ಹೇಳಿದರೆ, ಅದು ಏನು ಮಾಡೀತು ಎಂಬುದನ್ನು ಚಿತ್ರ ಹೇಳುತ್ತದೆ. ಅಕ್ಷರ ಹೆಚ್ಚಾಗಿ ಇಂಗ್ಲಿಷಿನಲ್ಲೇ ಇರುವುದರಿಂದ, ಮಾಗಡಿ ತಾಲ್ಲೂಕಿನ ಕುದೂರಿನಂಥ ಊರಲ್ಲಿ ಕನ್ನಡ ಮಾಧ್ಯಮದಲ್ಲಿ ಓದುವ ಮಗುವಿಗೆ ಮೊದಲು ದಕ್ಕುವುದು ಚಿತ್ರವೇ.

ಈ ಚಿತ್ರಗಳನ್ನು ಜಗತ್ತಿಗೆಲ್ಲ ಒಂದೇ ಮಾಡಲು ವಿಶ್ವಸಂಸ್ಥೆ ರೂಪಿಸಿದ ಪದ್ಧತಿ 2003ರಲ್ಲಿ ಪ್ರಕಟವಾಯಿತು. ಅದರಲ್ಲಿ ಒಂಬತ್ತು ಚಿಹ್ನೆಗಳಿವೆ. ಮೂಲೆಯ ಮೇಲೆ ನಿಲ್ಲಿಸಿದ ಚೌಕ, ಅದಕ್ಕೆ ಕೆಂಪು ಅಂಚು, ಬಿಳಿ ನೆಲದ ಮೇಲೆ ಕಪ್ಪು ಚಿತ್ರ. ಬೀರುವಿನ ಹಿಂದೆ ಕುಳಿತ ಹಳೆಯ ಬಾಟಲಿಗಳ ಮೇಲೆ ಇದಕ್ಕಿಂತ ಮುಂಚಿನ ಯುರೋಪಿನ ಕಿತ್ತಳೆ ಬಣ್ಣದ ಚೌಕವೂ ಸಿಗಬಹುದು.

ತಲೆಬುರುಡೆ, ಸಿಡಿಯುವ ಗುಂಡು, ಗ್ಯಾಸ್ ಸಿಲಿಂಡರ್, ಒಣಗಿದ ಮರದ ಪಕ್ಕ ಸತ್ತ ಮೀನು: ಇವಕ್ಕೆ ವಿವರಣೆ ಬೇಕಿಲ್ಲ. ಆಶ್ಚರ್ಯಸೂಚಕ ಚಿಹ್ನೆ ಇದ್ದರೆ ಚರ್ಮ, ಕಣ್ಣು ಉರಿಸುವಂಥದ್ದು ಎಂದು ತಿಳಿದರೆ ಸಾಕು. ಎಡವುವುದು ಎರಡು ಜ್ವಾಲೆಗಳಲ್ಲಿ. ಬರೀ ಜ್ವಾಲೆಯಿದ್ದರೆ ಅದು ತಾನೇ ಉರಿಯುವ ವಸ್ತು, ಉದಾಹರಣೆಗೆ ಸ್ಪಿರಿಟ್ ದೀಪದ ಸ್ಪಿರಿಟ್. ವೃತ್ತದ ಮೇಲೆ ಜ್ವಾಲೆಯಿದ್ದರೆ ಅದು ಬೇರೆಯದನ್ನು ಉರಿಸುವ ವಸ್ತು, ಉದಾಹರಣೆಗೆ ಪೊಟ್ಯಾಸಿಯಂ ಪರ್ಮಾಂಗನೇಟ್. ಇವೆರಡನ್ನು ಒಂದೇ ಖಾನೆಯಲ್ಲಿ ಇಡಬಾರದು.

ಲೋಹದ ಪಟ್ಟಿಯ ಮೇಲೂ ಕೈಯ ಮೇಲೂ ಹನಿ ಬಿದ್ದು ಕೊರೆಯುತ್ತಿರುವ ಚಿತ್ರ ಸುಡುವ ಆಮ್ಲ, ಕ್ಷಾರಗಳದ್ದು. ಹತ್ತನೇ ತರಗತಿಯ ವಿಜ್ಞಾನ ಪುಸ್ತಕದ ಆಮ್ಲ, ಪ್ರತ್ಯಾಮ್ಲಗಳ ಪಾಠದಲ್ಲಿ ಈ ಎಚ್ಚರಿಕೆ ಚಿಹ್ನೆ ಬರುತ್ತದೆ. ಆಮ್ಲವನ್ನು ನೀರಿಗೆ ಹಾಕಬೇಕು, ನೀರನ್ನು ಆಮ್ಲಕ್ಕೆ ಹಾಕಬಾರದು ಎಂಬ ಮಾತೂ ಅಲ್ಲೇ ಇದೆ. ಮಕ್ಕಳು ಇದನ್ನು ಬಾಯಿಪಾಠ ಮಾಡುತ್ತಾರೆ, ಕಾರಣ ಮಾತ್ರ ಅನೇಕರಿಗೆ ಗೊತ್ತಿರುವುದಿಲ್ಲ. ಗಾಢ ಸಲ್ಫ್ಯೂರಿಕ್ ಆಮ್ಲ ನೀರಿಗಿಂತ ಸುಮಾರು 1.8 ಪಟ್ಟು ಭಾರ. ಅದರ ಮೇಲೆ ಸುರಿದ ನೀರು ತಳಕ್ಕಿಳಿಯದೆ ಮೇಲೇ ನಿಲ್ಲುತ್ತದೆ, ಬೆರೆಯುವಾಗ ಹುಟ್ಟುವ ಶಾಖಕ್ಕೆ ಅಲ್ಲೇ ಕುದಿದು ಆಮ್ಲವನ್ನೂ ಹೊತ್ತುಕೊಂಡು ಮುಖಕ್ಕೆ ಸಿಡಿಯುತ್ತದೆ. ಆಮ್ಲವನ್ನು ನೀರಿಗೆ ಸ್ವಲ್ಪಸ್ವಲ್ಪವೇ ಹಾಕಿ ಕಲಕಿದರೆ ಆ ಶಾಖ ಇಡೀ ನೀರಿಗೆ ಹಂಚಿಹೋಗುತ್ತದೆ.

ಎದೆಯಲ್ಲಿ ನಕ್ಷತ್ರ ಬಿರಿದಂತಿರುವ ಮನುಷ್ಯನ ಚಿತ್ರ ನಿಧಾನವಾಗಿ ಕಾಡುವ ಅಪಾಯದ್ದು: ಕ್ಯಾನ್ಸರ್, ಶ್ವಾಸಕೋಶ ಮತ್ತಿತರ ಅಂಗಗಳ ಹಾನಿ. ಜೀವಶಾಸ್ತ್ರದ ಕೋಣೆಯಲ್ಲಿ ಕಪ್ಪೆ, ಹಾವುಗಳನ್ನು ಮುಳುಗಿಸಿಟ್ಟ ಫಾರ್ಮಲಿನ್‌ಗೆ ಈ ಚಿಹ್ನೆಯಿದೆ. ರಾಮನಗರ ಸೀಮೆಯ ರೇಷ್ಮೆ ಬೆಳೆಗಾರರ ಮನೆಯ ಮಗುವಿಗೆ ಆ ವಾಸನೆ ಹೊಸದಲ್ಲ. ಹುಳು ಮನೆಯ ಸೋಂಕು ಕಳೆಯಲು ಸಿಂಪಡಿಸುತ್ತಿದ್ದುದು ಇದೇ ಫಾರ್ಮಲಿನ್. ಅದರಲ್ಲಿರುವ ಫಾರ್ಮಾಲ್ಡಿಹೈಡ್ ಮನುಷ್ಯರಲ್ಲಿ ಕ್ಯಾನ್ಸರ್ ತರುತ್ತದೆಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ ಖಚಿತಪಡಿಸಿದೆ. ಹುಳು ಮನೆಯಲ್ಲಿ ಮಾಸ್ಕ್ ಬೇಕಾದರೆ ಪ್ರಯೋಗಾಲಯದಲ್ಲೂ ಬೇಕು, ಕಿಟಕಿಯೂ ತೆರೆದಿರಬೇಕು.

ಹಳ್ಳಿಯ ಮಕ್ಕಳಿಗೆ ಇನ್ನೊಂದು ಚಿಹ್ನೆಯ ಪರಿಚಯವೂ ಮೊದಲೇ ಆಗಿರುತ್ತದೆ. ಅದು ತೋಟಕ್ಕೆ ಹೊಡೆಯುವ ಔಷಧಿ ಡಬ್ಬದ ಮೇಲಿನದು (ವಿಷಕ್ಕೆ ರೈತರು ಇಟ್ಟ ಹೆಸರು ಔಷಧಿ). 1971ರ ಕೀಟನಾಶಕ ನಿಯಮಗಳ ಪ್ರಕಾರ ಅಲ್ಲೂ ಮೂಲೆಯ ಮೇಲೆ ನಿಂತ ಚೌಕವಿದೆ, ಆದರೆ ಅದು ಎರಡು ತ್ರಿಕೋನಗಳಾಗಿ ಒಡೆದಿದೆ. ಕೆಳಗಿನ ತ್ರಿಕೋನದ ಬಣ್ಣವೇ ವಿಷದ ಅಳತೆ. ಮಾನೊಕ್ರೊಟೊಫಾಸ್‌ನಂಥ ಕಡುವಿಷಕ್ಕೆ ಕೆಂಪು, ಆಮೇಲೆ ಹಳದಿ, ನೀಲಿ, ಕೊನೆಗೆ ಮ್ಯಾಂಕೋಜೆಬ್‌ನಂಥದಕ್ಕೆ ಹಸಿರು. ಇಲ್ಲಿ ಹಸಿರು ಎಂದರೆ ನಿರಪಾಯ ಎಂದಲ್ಲ, ಉಳಿದ ಮೂರಕ್ಕಿಂತ ಕಡಿಮೆ ವಿಷ ಎಂದಷ್ಟೇ. ಪ್ರಯೋಗಾಲಯದ ಚಿಹ್ನೆಯಲ್ಲಾದರೋ ಕೆಂಪು ಅಂಚು ಎಲ್ಲಕ್ಕೂ ಒಂದೇ, ಅಳತೆ ಬಣ್ಣದಲ್ಲಿಲ್ಲ. ತರಗತಿಯಲ್ಲಿ ಈ ಎರಡನ್ನೂ ಪಕ್ಕಪಕ್ಕದಲ್ಲಿಟ್ಟು ತೋರಿಸುವುದೇ ಒಳ್ಳೆಯ ಪಾಠ.

ಚಿಹ್ನೆಯನ್ನು ಲೆಕ್ಕಿಸದಿದ್ದರೆ ಏನಾಗುತ್ತದೆ ಎಂಬುದಕ್ಕೆ ಸೋಡಿಯಂ ಸಾಕ್ಷಿ. ಸೀಮೆಎಣ್ಣೆಯಲ್ಲಿ ಮುಳುಗಿಸಿಟ್ಟ ಈ ಮೆದು ಲೋಹ ನೀರು ತಾಗಿದರೆ ಹೈಡ್ರೊಜನ್ ಬಿಡುತ್ತದೆ, ಆಗ ಹುಟ್ಟುವ ಬಿಸಿಗೆ ಹೈಡ್ರೊಜನ್ ಹೊತ್ತಿಕೊಂಡು ಸಿಡಿಯುತ್ತದೆ. 2024ರ ಡಿಸೆಂಬರ್‌ನಲ್ಲಿ ತುಮಕೂರು ಜಿಲ್ಲೆಯ ಮಧುಗಿರಿ ತಾಲ್ಲೂಕಿನ ಕೃಷಿ ಹೊಂಡವೊಂದಕ್ಕೆ ಸೋಡಿಯಂ ಎಸೆದು ಸ್ಫೋಟಿಸಿದ ವಿಡಿಯೊ ಹರಿದಾಡಿ ಪೊಲೀಸ್ ಪ್ರಕರಣವಾಯಿತು. ತರಗತಿಯಲ್ಲಿ ತೋರಿಸಲು ಅಕ್ಕಿ ಕಾಳಿನಷ್ಟು ಚೂರು ಸಾಕು. ಸೋಡಿಯಂಗೆ ಬೆಂಕಿ ಹತ್ತಿದರೆ ಒಣ ಮರಳು ಸುರಿಯಬೇಕು. ನೀರಿನ ಬಕೆಟ್‌ನ ಜೊತೆಗೆ ಮರಳಿನ ಬಕೆಟ್ ಇರಬೇಕಾದುದು ಇದಕ್ಕೇ.

ಇಷ್ಟಾದರೂ ಶಾಲೆಯಲ್ಲಿ ದೊಡ್ಡ ಅಪಾಯ ಚಿಹ್ನೆಯಿರುವ ಬಾಟಲಿಯದಲ್ಲ, ಚಿಹ್ನೆಯಿಲ್ಲದ್ದರದು. ಚೀಟಿ ಕಿತ್ತುಹೋದ ಬಾಟಲಿ, ತಂಪು ಪಾನೀಯದ ಬಾಟಲಿಗೆ ಬಗ್ಗಿಸಿಟ್ಟ ಆಮ್ಲ, ನೀರಿನಂತೆಯೇ ಕಾಣುವ ಕ್ಷಾರ. ಇಂಥವನ್ನು ಮೂಸಿಯೋ ನೆಕ್ಕಿಯೋ ಗುರುತಿಸಲು ಹೋಗಬಾರದು. ಪಕ್ಕಕ್ಕಿಟ್ಟು ಬೀಗ ಹಾಕಿ ಮುಖ್ಯಶಿಕ್ಷಕರಿಗೆ ತಿಳಿಸಬೇಕು.

ಆಮ್ಲ ಮೈಮೇಲೆ ಬಿದ್ದರೆ ಸೋಡಾ ಪುಡಿ ಹುಡುಕುತ್ತ ಕೂರದೆ ತಕ್ಷಣ ಹರಿಯುವ ನೀರಿಗೆ ಒಡ್ಡಬೇಕು. ಕಣ್ಣಿಗೆ ಬಿದ್ದರೆ ರೆಪ್ಪೆ ಬಿಡಿಸಿ ಹಿಡಿದು ಕನಿಷ್ಠ 15 ನಿಮಿಷ ತೊಳೆದು ಆಸ್ಪತ್ರೆಗೆ ಒಯ್ಯಬೇಕು, ಆ ಬಾಟಲಿಯ ಚೀಟಿಯನ್ನೂ ಜೊತೆಗೆ ತೆಗೆದುಕೊಂಡು ಹೋಗಬೇಕು. ಆಂಬುಲೆನ್ಸ್ ಕರೆಯಲು ಸಂಖ್ಯೆ 108.