ಕಂಪನಿ ಹೋದರೂ ಕ್ಲಚ್ಚು ಸಿಗುತ್ತದೆ

ಲಾರಿ ಓಡಿಸುವವನು ಹೊರಡುವಾಗೊಮ್ಮೆ, ಗೇರು ಬದಲಿಸುವಾಗೊಮ್ಮೆ ಕ್ಲಚ್ ತುಳಿಯುತ್ತಾನೆ. ಮರ ಕಡಿಯುವ ಕಾಡಿನಲ್ಲಿ ಲೆಕ್ಕವೇ ಬೇರೆ. ಎಳೆದು ತರುತ್ತಿದ್ದ ದಿಮ್ಮಿ ಯಾವುದೋ ಬೊಡ್ಡೆಗೆ ಸಿಕ್ಕಿಕೊಳ್ಳುತ್ತದೆ. ಹಿಂದಕ್ಕೆ ಸರಿದು, ತಂತಿ ಹಗ್ಗ ಸಡಿಲಿಸಿ, ಮತ್ತೆ ಜಗ್ಗಬೇಕು. ಕದಲದಿದ್ದರೆ ಇನ್ನೊಮ್ಮೆ ಜಗ್ಗಬೇಕು. ಎಂಜಿನ್ನು ಅಬ್ಬರಿಸುತ್ತಿರುತ್ತದೆ, ಚಕ್ರ ನಿಂತಲ್ಲೇ ನಿಂತಿರುತ್ತದೆ, ಇವೆರಡರ ನಡುವೆ ಉಜ್ಜಿಕೊಂಡು ಕಾಯುವುದು ಕ್ಲಚ್ ಪ್ಲೇಟಿನ ಮೇಲಿನ ಹೊದಿಕೆ, ಅಂದರೆ ಲೈನಿಂಗು. ಹೀಗೆ ವರ್ಷಗಟ್ಟಲೆ ದುಡಿದ ಯಂತ್ರಕ್ಕೆ ಕ್ಲಚ್ಚು ಹೋಯಿತೆಂದರೆ ಎಂಜಿನ್ನು ಎಷ್ಟೇ ಗಟ್ಟಿಯಾಗಿದ್ದರೂ ಅದು ನಿಂತ ಕಬ್ಬಿಣ.

ಅಮೆರಿಕದ ಪಶ್ಚಿಮ ಕರಾವಳಿ, ಕೆನಡಾ, ನ್ಯೂಜಿಲೆಂಡ್‌ಗಳಲ್ಲಿ ನಲವತ್ತು ಐವತ್ತು ವರ್ಷ ದಾಟಿದ ಇಂಥ ಯಂತ್ರಗಳು ಇವತ್ತಿಗೂ ಮರ ಎಳೆಯುತ್ತಿವೆ. ಅವುಗಳ ಮೈಮೇಲಿನ ಹೆಸರುಗಳಲ್ಲಿ ಅನೇಕವು ಈಗ ಯಾವ ಕಾರ್ಖಾನೆಯ ಬಾಗಿಲಲ್ಲೂ ಇಲ್ಲ. ಆದರೂ ಅವುಗಳ ಕ್ಲಚ್ಚಿಗೆ ಬಿಡಿಭಾಗ ಸಿಗುತ್ತಿದೆ. ಇದರಲ್ಲಿ ಅದೃಷ್ಟದ ಪಾಲು ಕಡಿಮೆ. ಮರ ಎಳೆಯುವ ಯಂತ್ರ ಕಟ್ಟಿದವರಲ್ಲಿ ಬಹುಪಾಲು ಜನ ಕ್ಲಚ್ಚನ್ನು ತಾವು ಮಾಡಲೇ ಇಲ್ಲ, ಬೇರೆಯವರಿಂದ ಕೊಂಡು ತಂದು ಜೋಡಿಸಿದರು. ಆ ಕಾಲಕ್ಕೆ ಇದು ಖರ್ಚು ಉಳಿಸುವ ದಾರಿಯಾಗಿದ್ದಿರಬಹುದು. ಇಂದು ಆ ಯಂತ್ರಗಳ ಜೀವ ಉಳಿಸಿರುವುದು ಅದೇ.

ಕಥೆ ಶುರುವಾಗುವುದು ಕ್ಲಚ್ಚೇ ಇಲ್ಲದ ಯಂತ್ರದಿಂದ. ಕ್ಯಾಲಿಫೋರ್ನಿಯಾದ ಯುರೇಕಾದಲ್ಲಿ ಮರದ ಕಂಪನಿಯೊಂದರ ಪಾಲುದಾರನಾಗಿದ್ದ ಜಾನ್ ಡೋಲ್ಬೀರ್ 1881ರಲ್ಲಿ ಉಗಿ ಎಂಜಿನ್ನಿನಿಂದ ದಿಮ್ಮಿ ಎಳೆಯುವ ಸಾಧನವೊಂದನ್ನು ರೂಪಿಸಿದ, ಮರುವರ್ಷ ಪೇಟೆಂಟ್ ಪಡೆದ. ಅಲ್ಲಿಯವರೆಗೆ ರೆಡ್‌ವುಡ್ ಮರದ ಭಾರಿ ದಿಮ್ಮಿಗಳನ್ನು ಎತ್ತುಗಳ ಸಾಲು ಎಳೆಯುತ್ತಿತ್ತು. ‘ಡಾಂಕಿ’ ಎಂದು ಹೆಸರಾದ ಡೋಲ್ಬೀರನ ಯಂತ್ರದಲ್ಲಿದ್ದುದು ನೆಟ್ಟಗೆ ನಿಂತ ಬಾಯ್ಲರು, ಒಂದು ಸಿಲಿಂಡರು, ಪಕ್ಕದಲ್ಲೊಂದು ತಿರುಗುವ ಉರುಳೆ. ನಾರಿನ ಮಿಣಿಯನ್ನು ಉರುಳೆಗೆ ಕೆಲವು ಸುತ್ತು ಹಾಕಿ ಅದರ ತುದಿಯನ್ನು ಒಬ್ಬಾತ ಹಿಡಿದಿರುತ್ತಿದ್ದ. ಬಿಗಿ ಹಿಡಿದರೆ ಮಿಣಿ ಕಚ್ಚಿಕೊಂಡು ದಿಮ್ಮಿ ಹೊರಡುತ್ತಿತ್ತು. ಸಡಿಲ ಬಿಟ್ಟರೆ ಉರುಳೆ ತಿರುಗಿದರೂ ಮಿಣಿ ಜಾರಿ ದಿಮ್ಮಿ ನಿಲ್ಲುತ್ತಿತ್ತು. ಕ್ಲಚ್ಚು ಮಾಡುವ ಕೆಲಸ ಇಷ್ಟೇ. ಅದನ್ನು ಆಗ ಮಾಡುತ್ತಿದ್ದುದು ಮಿಣಿಯ ಘರ್ಷಣೆ ಮತ್ತು ಆ ಮನುಷ್ಯನ ತೋಳು. ಎಳೆದು ಮುಗಿದ ಮಿಣಿಯನ್ನು ಮತ್ತೆ ಕಾಡಿನೊಳಕ್ಕೆ ಒಯ್ಯಲು ಒಂದು ಕುದುರೆ ಇರುತ್ತಿತ್ತು.

ನಾರಿನ ಮಿಣಿ ಹೋಗಿ ಉಕ್ಕಿನ ತಂತಿ ಹಗ್ಗ ಬಂದಾಗ ತೋಳು ಸಾಲದಾಯಿತು. ಹಗ್ಗವನ್ನು ಡ್ರಮ್ಮಿನ ಮೇಲೆ ಸುತ್ತಬೇಕು, ಡ್ರಮ್ಮನ್ನು ಎಂಜಿನ್ನಿಗೆ ಬೇಕೆಂದಾಗ ಸೇರಿಸಬೇಕು, ಬೇಡವೆಂದಾಗ ಬಿಡಿಸಬೇಕು. ಅದಕ್ಕೆ ಕಂಡುಕೊಂಡ ಉಪಾಯ ಮರದ್ದು. ಡ್ರಮ್ಮು ಶಾಫ್ಟಿನ ಮೇಲೆ ಸಡಿಲವಾಗಿ ಕೂತಿರುತ್ತಿತ್ತು, ಪಕ್ಕದ ಹಲ್ಲುಚಕ್ರಕ್ಕೆ ಇಳಿಜಾರಾಗಿ ಕೆತ್ತಿದ ಮರದ ತುಂಡುಗಳನ್ನು ಬೋಲ್ಟ್ ಹಾಕಿ ಬಿಗಿದಿರುತ್ತಿದ್ದರು. ಲಿವರ್ ಎಳೆದರೆ ಸ್ಕ್ರೂ ಒಂದು ಡ್ರಮ್ಮನ್ನು ಆ ಮರದ ಮೇಲೆ ಒತ್ತುತ್ತಿತ್ತು. ಪೋರ್ಟ್‌ಲ್ಯಾಂಡಿನ ವಿಲಾಮೆಟ್ ಐರನ್ ಅಂಡ್ ಸ್ಟೀಲ್, ಸಿಯಾಟಲ್‌ನ ವಾಷಿಂಗ್ಟನ್ ಐರನ್ ವರ್ಕ್ಸ್ ಈ ಬಗೆಯ ದೊಡ್ಡ ಡಾಂಕಿಗಳನ್ನು ಕಟ್ಟಿ ಹೆಸರಾದವು. ಮರ ಸವೆದರೆ ಕಾಡಿನ ಶಿಬಿರದಲ್ಲೇ ಅದೇ ಅಳತೆಗೆ ಹೊಸ ತುಂಡು ಕೆತ್ತಿ ಕೂರಿಸಬಹುದಿತ್ತು. ಕ್ಲಚ್ಚಿನ ಬಿಡಿಭಾಗಕ್ಕೆ ಯಾರಿಗೂ ಕಾಗದ ಬರೆದು ಕಾಯಬೇಕಿರಲಿಲ್ಲ.

ಕಾಯುವ ಕಾಲ ಬಂದದ್ದು ಲೈನಿಂಗಿನ ಜೊತೆಗೆ. ಮರ ಒಂದು ಮಿತಿ ದಾಟಿ ಬಿಸಿಯಾದರೆ ಸುಟ್ಟು ಹೊಗೆಯಾಡುತ್ತದೆ. ಇದಕ್ಕೆ ಪರಿಹಾರ ಹುಟ್ಟಿದ್ದು ಕಾಡಿನಿಂದ ಬಹು ದೂರದಲ್ಲಿ. ಇಂಗ್ಲೆಂಡಿನ ಡರ್ಬಿಶೈರಿನ ಹರ್ಬರ್ಟ್ ಫ್ರೂಡ್ ಇಳಿಜಾರಿನಲ್ಲಿ ಗಾಡಿ ಹೊಡೆಯುವವರು ಬ್ರೇಕಿನ ಬ್ಲಾಕಿಗೆ ಹಳೆಯ ಬೂಟಿನ ತೊಗಲು ಸಿಕ್ಕಿಸುವುದನ್ನು ಗಮನಿಸಿ 1897ರಲ್ಲಿ ಘರ್ಷಣೆಯ ವಸ್ತು ತಯಾರಿಕೆಗೆ ಕೈಹಾಕಿದ. ಫೆರೋಡೊ ಕಂಪನಿ ಬೆಳೆದದ್ದು ಅಲ್ಲಿಂದ. ಮೊದಲು ಹತ್ತಿಯ ನೇಯ್ಗೆ, 1908ರ ಹೊತ್ತಿಗೆ ಕಲ್ನಾರು (ಆಸ್ಬೆಸ್ಟೋಸ್). ಅಮೆರಿಕದ ಕನೆಕ್ಟಿಕಟ್‌ನಲ್ಲಿ ರೇಬೆಸ್ಟೋಸ್ ಕೂಡ ಅದೇ ವರ್ಷಗಳಲ್ಲಿ ಕಲ್ನಾರು ನೇಯ್ದ ಲೈನಿಂಗನ್ನು ಮಾರುಕಟ್ಟೆಗೆ ತಂದಿತು. ಬಿಸಿ ತಡೆಯುವ ಈ ವಸ್ತು ಇಲ್ಲದಿದ್ದರೆ ಮುಂದೆ ಬಂದ ಯಂತ್ರಗಳ್ಯಾವುವೂ ಕಾಡಿಗೆ ಕಾಲಿಡುತ್ತಿರಲಿಲ್ಲ. ಅದನ್ನು ಮಾಡಿದವರ, ಕೆರೆದವರ, ರಿವೆಟ್ ಹೊಡೆದವರ ಪುಪ್ಪುಸಗಳು ಅದಕ್ಕೆ ತೆತ್ತ ಬೆಲೆಯನ್ನೂ ಇದೇ ಉಸಿರಿನಲ್ಲಿ ಹೇಳಬೇಕು.

ಅಂಥ ಯಂತ್ರಗಳಲ್ಲಿ ಒಂದು ಟ್ರ್ಯಾಕ್ಟರು. 1904ರ ನವೆಂಬರಿನಲ್ಲಿ ಕ್ಯಾಲಿಫೋರ್ನಿಯಾದ ಸ್ಟಾಕ್ಟನ್ ಬಳಿಯ ಕೆಸರು ನೆಲದಲ್ಲಿ ಬೆಂಜಮಿನ್ ಹೋಲ್ಟ್ ಪಟ್ಟಿಯ ಮೇಲೆ ನಡೆಯುವ ಟ್ರ್ಯಾಕ್ಟರನ್ನು ಓಡಿಸಿ ನೋಡಿದ. ಹೋಲ್ಟ್ ಮತ್ತು ಬೆಸ್ಟ್ ಕಂಪನಿಗಳು 1925ರಲ್ಲಿ ಸೇರಿ ಕ್ಯಾಟರ್‌ಪಿಲ್ಲರ್ ಕಂಪನಿಯಾದವು. ಮುಂದಿನ ವರ್ಷಗಳಲ್ಲಿ ಈ ಟ್ರ್ಯಾಕ್ಟರುಗಳು ಗುಂಪುಗುಂಪಾಗಿ ಕಾಡು ಹೊಕ್ಕವು. 1929ರಲ್ಲಿ ಪೋರ್ಟ್‌ಲ್ಯಾಂಡಿನಲ್ಲಿ ಹುಟ್ಟಿ ಮುಂದೆ ಹೈಸ್ಟರ್ ಎಂದು ಹೆಸರು ಬದಲಿಸಿಕೊಂಡ ಕಂಪನಿ ಅವುಗಳ ಬೆನ್ನಿಗೆ ತಂತಿ ಹಗ್ಗ ಸುತ್ತಿ ಎಳೆಯುವ ವಿಂಚು ಕೂರಿಸಿತು.

ಪಟ್ಟಿಯ ಟ್ರ್ಯಾಕ್ಟರಿಗೆ ಸ್ಟೀರಿಂಗ್ ಚಕ್ರವಿಲ್ಲ. ಎಡಕ್ಕೊಂದು ಬಲಕ್ಕೊಂದು ಸ್ಟೀರಿಂಗ್ ಕ್ಲಚ್ಚು, ಅವುಗಳಿಗೆ ಎರಡು ಲಿವರು. ಜೋಡೆತ್ತಿನಲ್ಲಿ ಒಂದನ್ನು ತಡೆದು ಇನ್ನೊಂದನ್ನು ಬಿಟ್ಟಾಗ ಗಾಡಿ ತಿರುಗುವಂತೆ, ಒಂದು ಕಡೆಯ ಕ್ಲಚ್ಚು ಬಿಡಿಸಿದರೆ ಯಂತ್ರ ಆ ಕಡೆಗೆ ತಿರುಗುತ್ತದೆ. ಕೋಮಾಟ್ಸು ತಂತ್ರಜ್ಞಾನ ಪಡೆದು ನಮ್ಮ ಬೆಮೆಲ್ ತಯಾರಿಸಿದ ಹಳೆಯ ಡಿ-80 ಬುಲ್ಡೋಜರ್ ನಡೆಸಿದವರಿಗೆ ಇದನ್ನು ವಿವರಿಸಬೇಕಿಲ್ಲ. ಹಳೆಯ ಕ್ಯಾಟರ್‌ಪಿಲ್ಲರ್ ಡಿ2, ಡಿ4, ಡಿ7ಗಳಲ್ಲಿ ಈ ಕ್ಲಚ್ಚುಗಳು ಒಣ ಜಾತಿಯವು: ಒಂದು ಉಕ್ಕಿನ ತಟ್ಟೆ, ಒಂದು ಲೈನಿಂಗ್ ಅಂಟಿದ ತಟ್ಟೆ, ಹೀಗೆ ಸರದಿಯಲ್ಲಿ ಅಡುಕಿದ ಕಟ್ಟು. ಎಣ್ಣೆ ಇಲ್ಲದಿರುವುದೇ ಅವುಗಳ ಆರೋಗ್ಯ, ಅವುಗಳ ಕಾಯಿಲೆಯೂ ಹೌದು. ನಾಲ್ಕಾರು ಮಳೆಗಾಲ ಬಯಲಲ್ಲಿ ನಿಂತ ಟ್ರ್ಯಾಕ್ಟರಿನ ತಟ್ಟೆಗಳು ತುಕ್ಕು ಹಿಡಿದು ಒಂದಕ್ಕೊಂದು ಕಚ್ಚಿಕೊಳ್ಳುತ್ತವೆ. ಎಂಜಿನ್ ಚಾಲೂ ಆಗುತ್ತದೆ, ಯಂತ್ರ ಮುಂದಕ್ಕೂ ಹೋಗುತ್ತದೆ, ಆದರೆ ತಿರುಗುವುದಿಲ್ಲ. ಬಲ್ಲವರು ಬಹುಕಾಲ ನಿಲ್ಲಿಸುವಾಗ ಲಿವರುಗಳನ್ನು ಹಿಂದಕ್ಕೆ ಎಳೆದು ಕಟ್ಟಿಬಿಡುತ್ತಾರೆ, ತಟ್ಟೆಗಳ ನಡುವೆ ಗಾಳಿ ಉಳಿಯಲೆಂದು. ಇದಕ್ಕೆ ತದ್ವಿರುದ್ಧವಾದ ಕಾಯಿಲೆ ಎಂದರೆ ಪಕ್ಕದ ಗೇರಿನ ಸೀಲು ಸೋರಿ ಎಣ್ಣೆ ಒಳಗೆ ಬರುವುದು. ಆಗ ಕ್ಲಚ್ಚು ಜಾರುತ್ತದೆ. ಕೆಳಗಿನ ಮುಚ್ಚಳ ತೆಗೆದು ಎಣ್ಣೆ ಬಸಿದು, ಒಳಗೆ ಸೀಮೆಎಣ್ಣೆ ತುಂಬಿ, ಯಂತ್ರವನ್ನು ಹಿಂದೆ ಮುಂದೆ ಆಡಿಸಿ ತೊಳೆಯುವುದು ಹಳಬರ ಪದ್ಧತಿ. ಸೋರುವ ಸೀಲನ್ನು ಹಾಗೇ ಬಿಟ್ಟು ಎಷ್ಟು ತೊಳೆದರೂ ಪ್ರಯೋಜನವಿಲ್ಲ.

ಕ್ಯಾಟರ್‌ಪಿಲ್ಲರ್ ಇನ್ನೂ ಬದುಕಿರುವ ಕಂಪನಿ, ತೀರ ಹಳೆಯ ಮಾದರಿಗಳಿಗೂ ಕೆಲವು ಭಾಗಗಳನ್ನು ಕೊಡುತ್ತದೆ. ಆದರೆ ಅಂಗಡಿಗೆ ಹೋಗಿ ‘ಡಿ2ರ ಕ್ಲಚ್ಚು ಕೊಡಿ’ ಎಂದರೆ ಸಾಲದು. ಸೀರಿಯಲ್ ನಂಬರಿನ ಮೊದಲ ಅಕ್ಷರಗಳು ಬೇಕು. ಒಂದು ಪಟ್ಟಿಯ ನಡುವಿನಿಂದ ಇನ್ನೊಂದರ ನಡುವಿಗೆ 50 ಇಂಚಿರುವ ಡಿ2 ಆದರೆ 5ಯು, 40 ಇಂಚಿನದಾದರೆ 4ಯು. ಡಿ7ರಲ್ಲಿ 3ಟಿ ಬೇರೆ, ಅದರ ನಂತರದ 17ಎ ಬೇರೆ. ಒಂದೇ ಸರಣಿಯ ನಡುವೆಯೂ ಭಾಗಗಳು ಬದಲಾಗಿರುತ್ತವೆ. ಆದ್ದರಿಂದ ತಗಡಿನ ಮೇಲೆ ಒತ್ತಿದ ಆ ನಂಬರನ್ನು ಬಣ್ಣ ಕೆರೆದು ಓದಿಕೊಳ್ಳುವುದೇ ರಿಪೇರಿಯ ಮೊದಲ ಹೆಜ್ಜೆ.

ಇನ್ನು ಹೆಸರು ಅಳಿದ ಯಂತ್ರಗಳ ಕಡೆಗೆ ಬರೋಣ. 1950ರ ದಶಕದ ಕೊನೆಗೆ ಕಾಡಿಗೆ ಹೊಸ ಯಂತ್ರ ಬಂತು: ನಡುವಿನಲ್ಲಿ ಕೀಲಿದ್ದು ಸೊಂಟ ಬಾಗಿಸಿ ತಿರುಗುವ, ನಾಲ್ಕು ದೊಡ್ಡ ರಬ್ಬರ್ ಚಕ್ರದ ಸ್ಕಿಡರು. ವಾಷಿಂಗ್ಟನ್ ರಾಜ್ಯದ ಗ್ಯಾರೆಟ್ ಕಂಪನಿಯ ಟ್ರೀ ಫಾರ್ಮರ್, ಒಂಟಾರಿಯೊದ ವುಡ್‌ಸ್ಟಾಕ್‌ನ ಟಿಂಬರ್‌ಜ್ಯಾಕ್, ಕ್ಲಾರ್ಕ್ ರೇಂಜರ್, 1965ರಲ್ಲಿ ಜಾನ್ ಡಿಯರ್ 440. ಟ್ರೀ ಫಾರ್ಮರನ್ನು ಕೆನಡಾದಲ್ಲಿ ಕಟ್ಟಿದ್ದು ಇಂದಿನ ಥಂಡರ್ ಬೇಯಲ್ಲಿರುವ ಕೆನೇಡಿಯನ್ ಕಾರ್ ಕಾರ್ಖಾನೆ. ಟಿಂಬರ್‌ಜ್ಯಾಕ್ 1989ರಲ್ಲಿ ಫಿನ್ಲೆಂಡಿನ ರೌಮಾ ಕೈಗೆ, 2000ದಲ್ಲಿ ಜಾನ್ ಡಿಯರ್ ಕೈಗೆ ಹೋಯಿತು. ಕೆಲವು ವರ್ಷಗಳಲ್ಲಿ ಆ ಹೆಸರೇ ಮಾರುಕಟ್ಟೆಯಿಂದ ಮರೆಯಾಯಿತು.

ಆದರೆ ಆ ಸ್ಕಿಡರನ್ನು ಬಿಚ್ಚಿ ನೋಡಿದರೆ ಒಳಗೆಲ್ಲ ಬೇರೆಯವರ ಸರಕು. ಡೆಟ್ರಾಯಿಟ್ ಡೀಸೆಲ್‌ನ 3-53, ಫೋರ್ಡ್, ಕಮಿನ್ಸ್‌ನಂಥ ಎಂಜಿನ್ನು, ಕ್ಲಾರ್ಕ್‌ನಂಥವರ ಗೇರ್‌ಬಾಕ್ಸು, ನಡುವಿನ ಕ್ಲಚ್ಚು ಬೋರ್ಗ್ ಅಂಡ್ ಬೆಕ್, ರಾಕ್‌ಫರ್ಡ್, ಲೈಪ್, ಟ್ವಿನ್ ಡಿಸ್ಕ್‌ನಂಥ ಕಂಪನಿಗಳದ್ದು. ಇವರು ಲಾರಿಗೂ ಹೊಲದ ಟ್ರ್ಯಾಕ್ಟರಿಗೂ ಅವೇ ಕ್ಲಚ್ಚು ಮಾರುತ್ತಿದ್ದವರು. ಜೋಡಣೆಗೆ ಒಂದೇ ಅಳತೆ ಒದಗಿಸಿದ್ದು ಎಸ್‌ಎಇ ಎಂಬ ವಾಹನ ಎಂಜಿನಿಯರುಗಳ ಸಂಘ. ಫ್ಲೈವೀಲ್ ಗೂಡಿಗೆ ಅದು ನಂಬರ್ ಕೊಟ್ಟಿತು (1ನೇ ನಂಬರಿನದು 3ನೇ ನಂಬರಿಗಿಂತ ದೊಡ್ಡದು). ಶಾಫ್ಟಿನ ಮೇಲಿನ ಹಲ್ಲಿಗೂ ಅಳತೆ ಗೊತ್ತುಮಾಡಿತು. ಹತ್ತು ಹಲ್ಲಿನ ಶಾಫ್ಟು ಅಮೆರಿಕದ ಭಾರಿ ವಾಹನಗಳಲ್ಲೆಲ್ಲ ಕಾಣುವುದು ಅದರಿಂದಲೇ. ಬಿಡಿಭಾಗದ ಬೇಟೆಗೆ ಇದರಷ್ಟು ದೊಡ್ಡ ಉಪಕಾರ ಮಾಡಿದ್ದು ಬೇರೊಂದಿಲ್ಲ ಎನ್ನುವುದು ನನ್ನ ಖಚಿತ ಅಭಿಪ್ರಾಯ.

ಹಾಗಾಗಿ ಅನುಭವಿ ಮೆಕ್ಯಾನಿಕ್ಕು ಸ್ಕಿಡರಿನ ಹೆಸರು ಹಿಡಿದು ಹುಡುಕುವುದಿಲ್ಲ. ಹಳೆಯ ಪ್ಲೇಟನ್ನು ಮುಂದಿಟ್ಟುಕೊಂಡು ಹೊರಸುತ್ತಿನ ವ್ಯಾಸ, ದಪ್ಪ, ಹಲ್ಲೆಷ್ಟು, ಶಾಫ್ಟಿನ ದಪ್ಪವೆಷ್ಟು, ನಡುವಿನ ಹಬ್ಬು ಯಾವ ಕಡೆಗೆ ಎಷ್ಟು ಚಾಚಿದೆ ಎಂದು ಬರೆದುಕೊಳ್ಳುತ್ತಾನೆ. ಪ್ರೆಷರ್ ಪ್ಲೇಟಿನ ಮುಚ್ಚಳದ ಕೊಳೆ ಒರೆಸಿ ಕ್ಲಚ್ ಕಂಪನಿಯ ನಂಬರ್ ಹುಡುಕುತ್ತಾನೆ. ಆ ನಂಬರಿನ ಭಾಗ ಯಾವುದೋ ಹಳೆಯ ಲಾರಿಗೆಂದು ಅಂಗಡಿಯ ಮೂಲೆಯಲ್ಲಿ ಕೂತಿರುತ್ತದೆ. ಹಬ್ಬಿನ ದಿಕ್ಕನ್ನು ಮರೆತವರಿಗೆ ಮಾತ್ರ ಪೆಟ್ಟು ಬೀಳುತ್ತದೆ. ಪ್ಲೇಟನ್ನು ತಿರುಗುಮುರುಗಾಗಿ ಹಾಕಿದರೆ ಹಬ್ಬು ಫ್ಲೈವೀಲಿನ ಬೋಲ್ಟಿಗೆ ತಾಗುತ್ತದೆ, ಇಳಿಸಿದ್ದನ್ನೆಲ್ಲ ಮತ್ತೆ ಇಳಿಸಬೇಕಾಗುತ್ತದೆ.

ಹೊಸದು ಸಿಗದಿದ್ದರೆ ಹಳೆಯದಕ್ಕೇ ಹೊಸ ಲೈನಿಂಗು. ಬೆಂಗಳೂರಿನ ಜೆ.ಸಿ. ರಸ್ತೆಯ ಬಿಡಿಭಾಗಗಳ ಬೀದಿಯನ್ನೂ ನಮ್ಮ ಊರುಗಳ ಕ್ಲಚ್ ಪ್ಲೇಟ್ ರಿಲೈನಿಂಗ್ ಅಂಗಡಿಗಳನ್ನೂ ಕಂಡವರಿಗೆ ಈ ಕೆಲಸ ಗೊತ್ತು. ರಿವೆಟ್ ಕೊರೆದು ಹಳೆಯದನ್ನು ಕಿತ್ತು, ತಟ್ಟೆ ನೆಟ್ಟಗಿದೆಯೇ ನೋಡಿ, ಹೊಸ ಲೈನಿಂಗನ್ನು ಹಿತ್ತಾಳೆ ರಿವೆಟ್ಟಿನಿಂದ ಬಿಗಿಯುವುದು. ಅಮೆರಿಕದ ಒರೆಗಾನಿನಲ್ಲಾದರೂ ಅಷ್ಟೇ. ಮರದ ಕೆಲಸಕ್ಕೆ ಅನೇಕರು ಸೆರಾಮಿಕ್ ಬಿಲ್ಲೆಗಳ ಪ್ಲೇಟು ಬಯಸುತ್ತಾರೆ, ಅದು ಬಿಸಿಗೆ ಜಗ್ಗುವುದಿಲ್ಲ. ಆದರೆ ಅದು ಮೆಲ್ಲಗೆ ಕಚ್ಚುವುದಿಲ್ಲ, ಥಟ್ಟನೆ ಹಿಡಿಯುತ್ತದೆ, ಫ್ಲೈವೀಲನ್ನೂ ಬೇಗ ಸವೆಸುತ್ತದೆ. ಸದಾ ಕಾಲು ನವಿರಾಗಿ ಆಡಿಸುವ ಚಾಲಕನಿದ್ದರೆ ಸಾದಾ ಲೈನಿಂಗೇ ಮೇಲು. ಫ್ಲೈವೀಲನ್ನು ಲೇತಿಗೆ ಕೊಟ್ಟಾಗ ಇನ್ನೊಂದು ಎಚ್ಚರ ಬೇಕು. ಮೆಟ್ಟಿಲಿರುವ ಫ್ಲೈವೀಲಾದರೆ ಪ್ಲೇಟು ಉಜ್ಜುವ ಮುಖದಿಂದ ಎಷ್ಟು ತೆಗೆದರೋ ಪ್ರೆಷರ್ ಪ್ಲೇಟು ಕೂರುವ ಮುಖದಿಂದಲೂ ಅಷ್ಟೇ ತೆಗೆಯಬೇಕು. ಇಲ್ಲವಾದರೆ ಹೊಸ ಕ್ಲಚ್ಚು ಮೊದಲ ದಿನವೇ ಜಾರುತ್ತದೆ. ಎಂಜಿನ್ ಅಥವಾ ಗೇರ್‌ಬಾಕ್ಸ್ ಸರಿಸಿದ ಮೇಲೆ ರಿಲೀಸ್ ಬೇರಿಂಗು, ಪೈಲಟ್ ಬೇರಿಂಗು, ಕ್ರ್ಯಾಂಕಿನ ಹಿಂದಿನ ಸೀಲು ಮೂರನ್ನೂ ಒಟ್ಟಿಗೆ ಬದಲಿಸಬೇಕು. ಸೀಲಿಗೆ ಮಾಡಿದ ಉಳಿತಾಯ ಲೈನಿಂಗಿಗೆ ಎಣ್ಣೆಯಾಗಿ ಇಳಿಯುತ್ತದೆ.

ಮುಚ್ಚಿದ ಡೀಲರುಗಳ ಗೋದಾಮಿನಿಂದ ಡಬ್ಬಿಯನ್ನೂ ತೆರೆಯದ ಹಳೆಯ ಪ್ಲೇಟು ಸಿಕ್ಕರೆ ಎಲ್ಲರಿಗೂ ಸಂತೋಷ. ಆ ಸಂತೋಷದಲ್ಲೇ ಅಪಾಯವೂ ಇದೆ, ಏಕೆಂದರೆ ಆ ಕಾಲದ ಲೈನಿಂಗಿನಲ್ಲಿ ಕಲ್ನಾರು ಇದ್ದೀತು. ಕೆನಡಾ 2018ರಲ್ಲಿ ಕಲ್ನಾರನ್ನು ನಿಷೇಧಿಸಿತು. ಆಸ್ಬೆಸ್ಟೋಸ್ ಎಂಬ ಹೆಸರನ್ನೇ ಹೊತ್ತಿದ್ದ ಕ್ವಿಬೆಕ್‌ನ ಗಣಿ ಪಟ್ಟಣ 2020ರಲ್ಲಿ ವಾಲ್-ಡೆ-ಸೂರ್ಸ್ ಆಯಿತು. ಅಮೆರಿಕ ಬಿಳಿ ಕಲ್ನಾರಿನ ಬಳಕೆಗೆ ತಡೆ ಹಾಕಿದ್ದು 2024ರ ಮಾರ್ಚಿನಲ್ಲಿ. ಹಳೆಯ ಕ್ಲಚ್ಚು ಬಿಚ್ಚಿದಾಗ ಒಳಗಿನ ಬೂದು ಧೂಳನ್ನು ಗಾಳಿ ಹೊಡೆದು ಹಾರಿಸುವುದು ನಮ್ಮ ಗ್ಯಾರೇಜುಗಳಲ್ಲೂ ಇರುವ ಅಭ್ಯಾಸ. ಅದನ್ನು ಬಿಡಲೇಬೇಕು. ಒದ್ದೆ ಮಾಡಿ ಒರೆಸಿ ತೆಗೆಯಲಿ, ಮುಖಕ್ಕೆ ತಕ್ಕ ಮುಸುಕಿರಲಿ. ಕರ್ಚೀಫು ಸಾಲದು.

ಬೆಟ್ಟದ ಕಡಿದಾದ ಮಗ್ಗುಲಿನಲ್ಲಿ ಯಾವ ಚಕ್ರವೂ ನಡೆಯದು. ಅಲ್ಲಿ ಮೇಲೆ ನಿಂತು ತಂತಿ ಹಗ್ಗದಿಂದ ದಿಮ್ಮಿಗಳನ್ನು ಸೆಳೆದುಕೊಳ್ಳುವುದು ಯಾರ್ಡರು, ಡೋಲ್ಬೀರನ ಡಾಂಕಿಯ ನೇರ ಸಂತಾನ. 1911ರಲ್ಲಿ ಕೆನಡಾದ ನನೈಮೊದಲ್ಲಿ ಕಮ್ಮಾರಸಾಲೆಯಾಗಿ ಶುರುವಾದ ಮ್ಯಾಡಿಲ್, ಸಿಯಾಟಲ್‌ನ ವಾಷಿಂಗ್ಟನ್, ಸೆಡ್ರೊ-ವೂಲಿಯ ಸ್ಕ್ಯಾಜಿಟ್ ಇದರಲ್ಲಿ ದೊಡ್ಡ ಹೆಸರುಗಳು. ಯಾರ್ಡರಿನ ಡ್ರಮ್ಮುಗಳಿಗೆ ಮರದ ತುಂಡಿನ ಜಾಗದಲ್ಲಿ ಕೊನೆಗೆ ಬಂದದ್ದು ಗಾಳಿ ತುಂಬುವ ಕ್ಲಚ್ಚು. ಅದರ ಹಿಂದಿದ್ದವನು ಅಮೆರಿಕದ ಥಾಮಸ್ ಫಾವಿಕ್. 1918ರಲ್ಲಿ ಹುಟ್ಟಿದ ಟ್ವಿನ್ ಡಿಸ್ಕ್ ಕಂಪನಿಗೆ ಹೆಸರು ತಂದ ಜೋಡಿ ತಟ್ಟೆಯ ಕ್ಲಚ್ಚೂ ಅವನದೇ. ಮುಂದೆ ಅವನು ಏರ್‌ಫ್ಲೆಕ್ಸ್ ರೂಪಿಸಿದ: ಕ್ಲಚ್ಚಿನದೇ ಡ್ರಮ್ಮೊಂದರ ಸುತ್ತ ಒಂದು ರಬ್ಬರ್ ಟ್ಯೂಬು, ಅದರ ಒಳಮೈಗೆ ಲೈನಿಂಗಿನ ಶೂಗಳು. ಗಾಳಿ ತುಂಬಿದರೆ ಟ್ಯೂಬು ಉಬ್ಬಿ ಡ್ರಮ್ಮನ್ನು ಅಪ್ಪಿ ಹಿಡಿಯುತ್ತದೆ, ಗಾಳಿ ಬಿಟ್ಟರೆ ಬಿಡುತ್ತದೆ. ಯುದ್ಧಕಾಲದಲ್ಲಿ ಅಮೆರಿಕದ ನೌಕಾಪಡೆ ತನ್ನ ಹಡಗುಗಳಿಗೆ ಇದನ್ನು ಬಳಸಿತು. 1968ರಲ್ಲಿ ಏರ್‌ಫ್ಲೆಕ್ಸ್ ಈಟನ್ ಕಂಪನಿಯ ವಶವಾಯಿತು.

ಯಾರ್ಡರ್ ಕಟ್ಟಿದವರ ಬಾಗಿಲು ಮುಚ್ಚಿದರೂ ಏರ್‌ಫ್ಲೆಕ್ಸ್ ತಯಾರಿಕೆ ನಿಲ್ಲಲಿಲ್ಲ, ಏಕೆಂದರೆ ತೈಲಬಾವಿ, ಗಣಿಯ ಅದಿರು ಅರೆಯುವ ಗಿರಣಿ, ತಗಡು ಒತ್ತುವ ಪ್ರೆಸ್ಸು ಎಲ್ಲಕ್ಕೂ ಅದು ಬೇಕು. ಅದರ ನಂಬರಿನಲ್ಲೇ ಅಳತೆ ಇರುತ್ತದೆ. ಮೈಮೇಲೆ 24ವಿಸಿ650 ಎಂದಿದ್ದರೆ 24 ಇಂಚಿನ ಡ್ರಮ್ಮು, ಆರೂವರೆ ಇಂಚು ಅಗಲದ ಲೈನಿಂಗು. ಶೂ ಸವೆದಿದ್ದರೆ ಶೂ ಮಾತ್ರ ಕೊಳ್ಳಬಹುದು, ಟ್ಯೂಬು ಬಿರುಕು ಬಿಟ್ಟಿದ್ದರೆ ಟ್ಯೂಬು. ಕ್ಲಚ್ಚು ಕೂತಿರುವುದು ಸ್ಕ್ಯಾಜಿಟ್ ಯಾರ್ಡರಿನಲ್ಲೋ ಗಣಿಯ ಗಿರಣಿಯಲ್ಲೋ ಎಂದು ಮಾರುವವನು ಕೇಳಬೇಕಿಲ್ಲ.